ಮಣ್ಣು, ಹುಲ್ಲು ಮತ್ತು ಮೂಳೆ

ಜಡೆ ಊರಿನ ಸುತ್ತಮುತ್ತ ಹಳೆಯ ಮಣ್ಣಿನ ಗೋಡೆ ಕೆಡವುವಾಗ ಒಂದು ಹೆಂಟೆಯನ್ನು ಕೈಗೆತ್ತಿಕೊಂಡು ನೋಡಿ. ಬಿರುಕು ಬಿಟ್ಟಿದ್ದರೂ ಅದು ಥಟ್ಟನೆ ಎರಡು ಹೋಳಾಗುವುದಿಲ್ಲ. ಒಳಗಿನ ಭತ್ತದ ಹುಲ್ಲಿನ ಎಳೆಗಳು ಹಿಡಿದುಕೊಂಡಿರುತ್ತವೆ. ಬರಿ ಮಣ್ಣು ಭಾರ ಹೊರುತ್ತದೆ, ಆದರೆ ಸೀಳುತ್ತದೆ. ಬರಿ ಹುಲ್ಲು ಸೀಳದು, ಭಾರವನ್ನೂ ಹೊರದು. ಎರಡನ್ನೂ ಸೇರಿಸಿ ತುಳಿದು ಕಲಸಿದರೆ ಗೋಡೆ ನಿಲ್ಲುತ್ತದೆ.

ನಮ್ಮ ಮೂಳೆಯೂ ಇಂಥದೇ ಮಿಶ್ರಣ. ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ. ಉಳಿದದ್ದು ಬಹುಪಾಲು ಕೊಲಾಜೆನ್ ನಾರು ಮತ್ತು ನೀರು. ಕೋಳಿಯ ಸಣ್ಣ ಮೂಳೆಯೊಂದನ್ನು ಕೆಲವು ದಿನ ವಿನೆಗರ್‌ನಲ್ಲಿ ಮುಳುಗಿಸಿಡಿ. ಖನಿಜ ಕರಗಿ, ಆಕಾರ ಹಾಗೇ ಉಳಿದು, ಮೂಳೆ ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಕೆಂಡದಲ್ಲಿ ಬೆಳ್ಳಗಾಗುವ ತನಕ ಸುಡಿ. ನಾರು ಉರಿದುಹೋಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ಮರವೇರಿ ಗೊನೆ ಇಳಿಸುವ ಕೊನೆಗೌಡ ಬಿದ್ದಾಗ ಅವನ ಕಾಲಲ್ಲಿ ಒಡೆಯುವುದು ಈ ಜೋಡಣೆಯೇ. ಸರಿಯಾಗಿ ಕೂಡಿಸಿ ಅಲುಗಾಡದಂತೆ ಇಟ್ಟರೆ ಹೆಚ್ಚಿನ ಮುರಿತಗಳು ತಾವಾಗಿ ಕೂಡುತ್ತವೆ. ತುಂಡು ಪುಡಿಯಾಗಿ ನಡುವೆ ದೊಡ್ಡ ತೆರಪು ಉಳಿದರೆ ಕಷ್ಟ. ಆಗ ವೈದ್ಯರು ರೋಗಿಯ ಸೊಂಟದ ಮೂಳೆಯಿಂದಲೇ ಸ್ವಲ್ಪ ಕೆತ್ತಿ ತೆರಪಿಗೆ ತುಂಬುತ್ತಾರೆ. ಮೂಳೆ ಕಸಿಯಲ್ಲಿ ಇಂದಿಗೂ ಇದೇ ಶ್ರೇಷ್ಠ. ಆದರೆ ಅದಕ್ಕೆ ಇನ್ನೊಂದು ಗಾಯ ಆಗಬೇಕು, ಸಿಗುವುದೂ ಸ್ವಲ್ಪವೇ.

ಲೋಹವನ್ನೇ ತುಂಬಿದರಾಗದೇ? ಸ್ಟೀಲು ಮೂಳೆಗಿಂತ ಹತ್ತು ಪಟ್ಟು ಗಡುಸು. ಭಾರವನ್ನೆಲ್ಲ ಅದೇ ಹೊತ್ತರೆ ಪಕ್ಕದ ಮೂಳೆ ಕೆಲಸವಿಲ್ಲದೆ ಸವೆಯುತ್ತದೆ. ಹೈಡ್ರಾಕ್ಸಿಅಪಟೈಟ್ ಒಂದನ್ನೇ ಬಳಸಿದರೆ ಪಿಂಗಾಣಿಯಂತೆ ಒಡೆಯುತ್ತದೆ. ಹಾಗಾಗಿ ವಿಜ್ಞಾನಿಗಳು ಮಣ್ಣಿಗೆ ಹುಲ್ಲು ಕಲಸುವ ದಾರಿ ಹಿಡಿದರು. 1980ರ ದಶಕದಲ್ಲಿ ಲಂಡನ್ನಿನ ವಿಲಿಯಂ ಬಾನ್‌ಫೀಲ್ಡ್ ಈ ಖನಿಜವನ್ನು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದರು. ಅದು ಕಿವಿಯೊಳಗಿನ ಪುಟ್ಟ ಮೂಳೆಗಳ ಜಾಗಕ್ಕೆ ಬಂತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಅದೇ ಖನಿಜಕ್ಕೆ ಬಯೋಗ್ಲಾಸ್ ಎಂಬ ಗಾಜು ಸೇರಿಸಿದ ಕಸಿವಸ್ತು ರೂಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡ ಇಂಥ ಮಿಶ್ರಣಗಳ ಮೇಲೆ ಕೆಲಸ ಮಾಡಿದೆ.

ಕಸಿವಸ್ತುವಿನಲ್ಲಿ ರಂಧ್ರಗಳಿರಬೇಕು, ಅವು ಒಂದಕ್ಕೊಂದು ಕೂಡಿರಬೇಕು. ತಲೆಗೂದಲಿನ ದಪ್ಪಕ್ಕಿಂತ ದೊಡ್ಡವಿದ್ದರೆ ರಕ್ತನಾಳಗಳು ಒಳಹೊಕ್ಕು, ಹಿಂದೆಯೇ ಬಂದ ಜೀವಕೋಶಗಳು ಹೊಸ ಮೂಳೆ ಕಟ್ಟುತ್ತವೆ. ತಾರಸಿ ಹಾಕುವಾಗಿನ ಸೆಂಟ್ರಿಂಗ್‌ನಂತೆ ಈ ವಸ್ತು ತಾತ್ಕಾಲಿಕ ಆಸರೆ. ಬೇಗ ಬಿಚ್ಚಿದರೆ ತಾರಸಿ ಕುಸಿಯುತ್ತದೆ. ಕಸಿವಸ್ತು ಬೇಗ ಕರಗಿದರೂ ತೆರಪು ತೆರಪಾಗಿಯೇ ಉಳಿಯುತ್ತದೆ; ಕರಗದೇ ಕೂತರೆ ಹೊಸ ಮೂಳೆಗೆ ಜಾಗವಿಲ್ಲ. ಹೈಡ್ರಾಕ್ಸಿಅಪಟೈಟ್ ಕರಗಲು ವರ್ಷಗಳೇ ಬೇಕು, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಇನ್ನೊಂದು ವಸ್ತು ಬೇಗ ಕರಗುತ್ತದೆ. ಎರಡರ ಪಾಲು ಹೊಂದಿಸಿ ಈ ವೇಗವನ್ನು ಹದಕ್ಕೆ ತರುತ್ತಾರೆ.

ಮೈಭಾರ ಹೊರುವ ಕಾಲಿನ ಮೂಳೆಗೆ ಈ ಕಸಿವಸ್ತುಗಳಷ್ಟೇ ಸಾಲವು. ಪ್ಲೇಟು, ರಾಡುಗಳ ಜೊತೆ ಬೇಕು. ಆದರೂ ಸೊಂಟದಿಂದ ಕೆತ್ತುವ ನೋವನ್ನು ಅವು ಎಷ್ಟೋ ರೋಗಿಗಳಿಗೆ ತಪ್ಪಿಸಬಲ್ಲವು. ಮತ್ತೆ ನೆಲಕ್ಕೆ ಕಾಲೂರುವ ಕೊನೆಗೌಡನ ಭಾರವನ್ನು ಕೊನೆಗೆ ಹೊರಬೇಕಾದದ್ದು ಅವನದೇ ಮೂಳೆ. ಕಸಿವಸ್ತುವಿನ ಕೆಲಸ ಅಲ್ಲಿಯ ತನಕ ಜಾಗ ಕಾಯುವುದು.