ಪರಿಮಳ ಮತ್ತು ತ್ವಚೆ: ಧಾರವಾಡದ ಹಳ್ಳಿಗಳಲ್ಲಿ ಸೌಂದರ್ಯವರ್ಧಕಗಳ ಸುಗಂಧ ದ್ರವ್ಯಗಳು

ಮೈಗೆ ಪರಿಮಳ ಲೇಪಿಸಿಕೊಳ್ಳುವ ರೂಢಿ ಕನ್ನಡ ನಾಡಿಗೆ ಹೊಸದೇನಲ್ಲ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಕೃಷಿ, ಪಾಕ, ವೈದ್ಯಗಳ ಜೊತೆಗೆ ಸುಗಂಧ ದ್ರವ್ಯಗಳ ತಯಾರಿಕೆಗೂ ಎಡೆಗೊಟ್ಟಿದೆ. ಮುಮ್ಮಡಿ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ವು ಸ್ನಾನ, ವಿಲೇಪನಗಳನ್ನು ಅರಸನ ಭೋಗಗಳಲ್ಲಿ ಎಣಿಸಿದೆ. ಆ ವಂಶದ ಕೊನೆಯ ದಿನಗಳಲ್ಲಿ ರಾಜಧಾನಿಯಾಗಿದ್ದ ಅಣ್ಣಿಗೇರಿಯ ಕಿರಾಣಿ ಅಂಗಡಿಗಳ ಮುಂದೆ ಇಂದು ಶಾಂಪೂ ಪಾಕೀಟುಗಳ ಸರಗಳು ತೂಗುತ್ತವೆ. ಅಂದಿನ ಲೇಪಗಳಲ್ಲಿ ಏನನ್ನು ಅರೆದು ಬೆರೆಸಲಾಗಿತ್ತೆಂಬುದು ತಯಾರಿಸಿದವರಿಗೂ ಹಚ್ಚಿಕೊಂಡವರಿಗೂ ತಿಳಿದಿರುತ್ತಿತ್ತು. ಇಂದು ಹಚ್ಚಿಕೊಳ್ಳುವವರಿಗೆ ಅದು ತಿಳಿಯದು. ಈ ಅಜ್ಞಾತತೆಯಿಂದ ಉಂಟಾಗುವ ಆರೋಗ್ಯದ ಪ್ರಶ್ನೆಯೇ ಪ್ರಸ್ತುತ ಲೇಖನದ ವಸ್ತು.

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆನೆಲದ ಹಳ್ಳಿಗಳಲ್ಲಿ ತಲೆಗೆ ಎರೆದುಕೊಳ್ಳುವುದೆಂದರೆ ಹಿಂದಿನ ತಲೆಮಾರಿಗೆ ಕಡಲೆಹಿಟ್ಟು, ಸೀಗೆಕಾಯಿ, ಅಂಟುವಾಳ ಇಷ್ಟೇ ಆಗಿತ್ತು. ಅರೆಮಲೆನಾಡಾದ ಕಲಘಟಗಿಯಲ್ಲಿ ಕಾಡಿನ ಸೀಗೆಯೇ ಕೈಗೆಟುಕುತ್ತಿತ್ತು. ೧೯೮೦ರ ದಶಕದಲ್ಲಿ ತಮಿಳುನಾಡಿನ ಕಡಲೂರಿನ ಉದ್ಯಮಿಗಳು ಜನಪ್ರಿಯಗೊಳಿಸಿದ ಶಾಂಪೂ ಪಾಕೀಟು ಈ ರೂಢಿಯನ್ನು ಬದಲಿಸಿತು. ಅದಕ್ಕೆ ಜಾಹೀರಾತನ್ನು ಮಾತ್ರ ಕಾರಣವೆನ್ನುವುದು ಸರಿಯಾಗಲಾರದು. ಎರೆಸೀಮೆಯ ಸವಳು ನೀರಿನಲ್ಲಿ ಸಾಬೂನು ನೊರೆಗಟ್ಟುವುದಿಲ್ಲ, ಶಾಂಪೂ ನೊರೆಗಟ್ಟುತ್ತದೆ. ಸೌದೆಯೂ ನೀರೂ ದುಬಾರಿಯಾದ ಮನೆಯ ಹೆಣ್ಣುಮಗಳಿಗೆ ಇದು ಸಣ್ಣ ಅನುಕೂಲವಲ್ಲ. ಶಾಂಪೂವಿನ ಹಿಂದೆಯೇ ಘಮಘಮಿಸುವ ತಲೆಯೆಣ್ಣೆ, ಪೌಡರು, ಮುಖದ ಕ್ರೀಮುಗಳೂ ಬಂದವು.

ಇವುಗಳ ಪರಿಮಳವು ಒಂದೇ ವಸ್ತುವಲ್ಲ. ಸುಗಂಧೋದ್ಯಮವು ಬಳಸುವ ಸುಮಾರು ಮೂರು ಸಾವಿರ ದ್ರವ್ಯಗಳಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು, ಒಂದು ಮಿಶ್ರಣದಲ್ಲಿ ಸೇರಿರುತ್ತವೆ. ಬಹುಪಾಲು ನಿರುಪದ್ರವಿಗಳು. ಆದರೆ ದಾಲ್ಚಿನ್ನಿಯ ಸಿನ್ನಮಾಲ್, ಲವಂಗದ ಯೂಜಿನಾಲ್, ಜಿರೇನಿಯಾಲ್, ಹೈಡ್ರಾಕ್ಸಿಸಿಟ್ರೊನೆಲಾಲ್ ಮೊದಲಾದವುಗಳ ಸಣ್ಣ ಅಣುಗಳು ಚರ್ಮದ ಹೊರಪದರವನ್ನು ದಾಟಿ ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳಬಲ್ಲವು. ಹಾಗೆ ಮಾರ್ಪಟ್ಟ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆಯು ಪರಕೀಯವೆಂದು ಗುರುತಿಸುತ್ತದೆ. ಒಮ್ಮೆ ಗುರುತಿಸಿದರೆ ಆ ನೆನಪು ಸಾಮಾನ್ಯವಾಗಿ ಜೀವನಪರ್ಯಂತ ಅಳಿಯದು. ಮುಂದೆ ಅದೇ ದ್ರವ್ಯ ತಗುಲಿದಾಗ ಒಂದೆರಡು ದಿನಗಳ ಅನಂತರ ತುರಿಕೆ, ಕೆಂಪು, ಗುಳ್ಳೆಗಳು ಏಳುತ್ತವೆ. ಈ ವಿಳಂಬವೇ ಕಾರಣವನ್ನು ಮರೆಮಾಡುತ್ತದೆ. ಸೋಮವಾರ ಹಚ್ಚಿದ ಎಣ್ಣೆಯನ್ನು ಬುಧವಾರದ ತುರಿಕೆಗೆ ಯಾರೂ ಹೊಣೆ ಮಾಡುವುದಿಲ್ಲ. ಯುರೋಪಿನಲ್ಲಿ ಜನಸಂಖ್ಯೆಯ ಶೇ. ೧ರಿಂದ ೩ರಷ್ಟು ಮಂದಿಗೆ ಸುಗಂಧ ದ್ರವ್ಯಗಳ ಒಗ್ಗದಿಕೆ ಇದೆಯೆಂದು ಅಂದಾಜಿಸಲಾಗಿದೆ.

ನೈಸರ್ಗಿಕವಾದುದು ನಿರಪಾಯವೆಂಬ ನಂಬಿಕೆಯೂ ಪರಿಶೀಲನೆಗೆ ನಿಲ್ಲದು. ನಿಂಬೆ, ಕಿತ್ತಳೆಗಳ ಲಿಮೊನೀನ್ ಮತ್ತು ಅನೇಕ ಹೂಗಳ ಲಿನಲೂಲ್ ತಾಜಾ ಸ್ಥಿತಿಯಲ್ಲಿ ಸೌಮ್ಯವಾದವು; ಗಾಳಿಗೆ ತೆರೆದುಕೊಂಡಂತೆ ಅವು ಆಮ್ಲಜನಕದೊಡನೆ ಸೇರಿ ಹೈಡ್ರೊಪೆರಾಕ್ಸೈಡುಗಳಾಗುತ್ತವೆ, ಚರ್ಮವನ್ನು ಕೆರಳಿಸುವವು ಇವೇ. ಮುಚ್ಚಳ ಸಡಿಲವಾಗಿ ವರ್ಷಗಟ್ಟಲೆ ಗೋಡೆಯ ಗೂಡಿನಲ್ಲಿ ಕುಳಿತ ಎಣ್ಣೆಯ ಸೀಸೆ ಹೊಸದಕ್ಕಿಂತ ಹೆಚ್ಚು ತೊಂದರೆ ಕೊಡಬಹುದು. ತೊನ್ನಿಗೆ ಔಷಧವಾದ ಬಾವಂಚಿ ಬೀಜದ ಸೊರಾಲೆನ್ ಬಿಸಿಲು ಬಿದ್ದಾಗ ಚರ್ಮವನ್ನು ಸುಡುತ್ತದೆ. ಅದು ಔಷಧವಾಗುವುದೂ ಇದೇ ಗುಣದಿಂದ.

ನಮ್ಮ ಭಾಗಕ್ಕೆ ಹೆಚ್ಚು ಮುಖ್ಯವಾದುದು ಮುಖದ ಮೇಲಿನ ಕಪ್ಪು. ಕಂದು ಬಣ್ಣದ ಚರ್ಮದಲ್ಲಿ ಸುಗಂಧದ ಒಗ್ಗದಿಕೆಯು ಹಲವೊಮ್ಮೆ ತುರಿಕೆಯೇ ಇಲ್ಲದೆ, ಹಣೆ, ಕೆನ್ನೆ, ಕುತ್ತಿಗೆಗಳಲ್ಲಿ ಬೂದುಗಪ್ಪು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಜಪಾನಿನಲ್ಲಿ ೧೯೭೦ರ ದಶಕದಲ್ಲಿ ಅನೇಕ ಸ್ತ್ರೀಯರ ಮುಖ ಹೀಗೆ ಕಪ್ಪಾದಾಗ ನಕಯಾಮ ಮತ್ತು ಸಂಗಡಿಗರು ಮಲ್ಲಿಗೆಯ ಸಾರ, ಕನಂಗ ಎಣ್ಣೆ, ಬೆಂಜೈಲ್ ಸ್ಯಾಲಿಸಿಲೇಟ್, ಕೆಲವು ಬಣ್ಣಗಳು, ಶ್ರೀಗಂಧದೆಣ್ಣೆ ಸಹ ಕಾರಣವೆಂದು ತೋರಿಸಿದರು. ೧೯೭೭ರ ಸುಮಾರಿಗೆ ದೊಡ್ಡ ಕಂಪನಿಗಳು ಅವನ್ನು ಕೈಬಿಟ್ಟ ಬಳಿಕ ಹೊಸ ರೋಗಿಗಳ ಸಂಖ್ಯೆ ಇಳಿಯಿತು. ಕುಂಕುಮದಿಂದ ಹಣೆ ಕಪ್ಪಾಗುವುದೂ ೧೯೮೦ರ ದಶಕದಿಂದ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ನಮ್ಮ ಹಳ್ಳಿಗಳಲ್ಲಿ ಇಂಥ ಕಲೆಗೆ ಭಂಗು ಎಂಬ ಒಂದೇ ಹೆಸರು. ಅದನ್ನು ಮರೆಸಲು ಮತ್ತೊಂದು ಪರಿಮಳದ ಕ್ರೀಮು ಹಚ್ಚುವುದರಿಂದ ಕಲೆ ಇನ್ನಷ್ಟು ಗಾಢವಾಗುವ ಸಂಭವವಿದೆ.

ರೋಗನಿರ್ಣಯಕ್ಕೆ ಇಲ್ಲಿ ಇನ್ನೊಂದು ತೊಡಕುಂಟು. ೧೯೫೦ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ದಖ್ಖನ್ನಿನ ಒಣಭೂಮಿಯಲ್ಲೆಲ್ಲ ಹಬ್ಬಿದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, ಹೊಲದಲ್ಲಿ ದುಡಿಯುವವರ ಮುಖ, ಕುತ್ತಿಗೆಗಳಲ್ಲಿ ಅಂಥದೇ ಉರಿಯೂತ ತರುತ್ತದೆ. ಕಳೆ ಕೀಳುವವಳೇ ಪರಿಮಳದ ಎಣ್ಣೆಯನ್ನೂ ಹಚ್ಚುವಳು. ಎರಡನ್ನೂ ಬೇರ್ಪಡಿಸಲು ಪಟ್ಟಿ ಪರೀಕ್ಷೆ ಬೇಕು. ಶಂಕಿತ ದ್ರವ್ಯಗಳನ್ನು ಬೆನ್ನಿಗೆ ಅಂಟಿಸಿ, ಎರಡು ದಿನಗಳ ಅನಂತರ ತೆಗೆದು, ಮತ್ತೆರಡು ದಿನ ಬಿಟ್ಟು ಪುನಃ ನೋಡುವ ಕ್ರಮವಿದು. ಭಾರತದಲ್ಲಿ ಬಳಕೆಯಲ್ಲಿರುವ ಪ್ರಮಾಣಿತ ಸರಣಿಯಲ್ಲಿ ಪಾರ್ಥೇನಿಯಂ, ಸುಗಂಧ ಮಿಶ್ರಣ ಎರಡೂ ಸೇರಿವೆ. ದಿನಗೂಲಿಯವಳು ನವಲಗುಂದದಿಂದ ಹುಬ್ಬಳ್ಳಿಗೆ ಒಂದೇ ವಾರದಲ್ಲಿ ಮೂರು ಸಲ ಹೋಗಿಬರಬೇಕಾಗುತ್ತದೆ.

ಸುಗಂಧ ಮಿಶ್ರಣ ಒಗ್ಗದೆಂದು ತಿಳಿದ ಮೇಲಾದರೂ ಅದನ್ನು ದೂರವಿಡಬೇಕಾದರೆ ಅದು ಯಾವುದರಲ್ಲಿದೆ ಎಂದು ಗೊತ್ತಾಗಬೇಕು. ಯುರೋಪಿನ ಒಕ್ಕೂಟವು ೨೦೦೩ರ ತಿದ್ದುಪಡಿಯಿಂದ ೨೬ ಸುಗಂಧ ದ್ರವ್ಯಗಳ ಹೆಸರನ್ನು, ಹಚ್ಚಿ ಬಿಡುವ ವಸ್ತುವಿನಲ್ಲಿ ಶೇ. ೦.೦೦೧ಕ್ಕೂ ತೊಳೆದು ತೆಗೆಯುವ ವಸ್ತುವಿನಲ್ಲಿ ಶೇ. ೦.೦೧ಕ್ಕೂ ಮೀರಿದರೆ, ಮುದ್ರಿಸಲೇಬೇಕೆಂದು ವಿಧಿಸಿತು. ೨೦೨೩ರ ನಿಯಮವು ಆ ಪಟ್ಟಿಯನ್ನು ೮೦ಕ್ಕೂ ಹೆಚ್ಚು ದ್ರವ್ಯಗಳಿಗೆ ವಿಸ್ತರಿಸಿದೆ. ಲಿಲಿಯಾಲ್ ಎಂಬ ದ್ರವ್ಯ ಸಂತಾನಶಕ್ತಿಗೆ ಹಾನಿಕರವೆಂದು ವರ್ಗೀಕೃತವಾಗಿ ೨೦೨೨ರ ಮಾರ್ಚ್ ೧ರಿಂದ ಅಲ್ಲಿ ನಿಷಿದ್ಧವಾಯಿತು.

ಭಾರತದ ೨೦೨೦ರ ಸೌಂದರ್ಯವರ್ಧಕ ನಿಯಮಗಳೂ ಘಟಕಗಳ ಪಟ್ಟಿಯನ್ನು ಕೇಳುತ್ತವೆ. ಆದರೆ ೬೦ ಮಿಲಿಲೀಟರಿಗಿಂತ ಕಡಿಮೆಯ ದ್ರವ, ೩೦ ಗ್ರಾಮಿಗಿಂತ ಕಡಿಮೆಯ ಘನ ಮತ್ತು ಅರೆಘನ ಪೊಟ್ಟಣಗಳಿಗೆ ವಿನಾಯಿತಿ ಇದೆ. ನಗರದ ಗಿರಾಕಿ ಕೊಳ್ಳುವ ದೊಡ್ಡ ಸೀಸೆಗೆ ಪಟ್ಟಿ ಕಡ್ಡಾಯ. ಹಳ್ಳಿಯವಳು ಕೊಳ್ಳುವ ಪಾಕೀಟಿಗೆ, ಚಿಕ್ಕ ಎಣ್ಣೆ ಸೀಸೆಗೆ, ಹತ್ತಿಪ್ಪತ್ತು ಗ್ರಾಮಿನ ಕ್ರೀಮಿನ ಟ್ಯೂಬಿಗೆ ಇಲ್ಲ. ಜಾಗವಿಲ್ಲವೆಂಬ ಕಾರಣಕ್ಕೆ ಮಾಡಿದ ಈ ವಿನಾಯಿತಿಯು ಕಡಿಮೆ ಹಣವುಳ್ಳವರಿಂದಲೇ ತಿಳಿವಳಿಕೆಯನ್ನು ಕಸಿದುಕೊಂಡಿದೆ ಎನ್ನದೆ ವಿಧಿಯಿಲ್ಲ. ಪಟ್ಟಿಯನ್ನು ಸ್ವಇಚ್ಛೆಯಿಂದ ಅಚ್ಚು ಹಾಕಿದ ಕಡೆಯೂ ಅದು ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಪರಿಮಳಕ್ಕೆ ಬಹುಮಟ್ಟಿಗೆ ‘ಪರ್‌ಫ್ಯೂಮ್’ ಎಂಬ ಒಂದೇ ಮಾತು. ಬಳಸುವುದನ್ನೆಲ್ಲ ತಂದು ತೋರಿಸೆಂದು ಚರ್ಮವೈದ್ಯರು ಕೇಳಿದಾಗ ಆಕೆಯ ಕೈಯಲ್ಲಿರುವುದು, ನೀರೊಲೆಗೆ ಎಸೆದು ಉಳಿದಿದ್ದರೆ, ಆ ಖಾಲಿ ಪಾಕೀಟು ಮಾತ್ರ.