ಅಂಜನಾದ್ರಿಗೆ ವರ್ಷಕ್ಕೆರಡು ಹನುಮ ಜಯಂತಿ: ಡಿಸೆಂಬರ್ ತಾರೀಖು ಪ್ರತಿ ವರ್ಷ ಬದಲಾಗೋದು ಯಾಕೆ?

ಗಂಗಾವತಿ: “ಹನುಮ ಜಯಂತಿ ಏಪ್ರಿಲ್‌ನ್ಯಾಗ ಆತಲ್ರಿ, ಮತ್ತ ಡಿಸೆಂಬರ್‌ನ್ಯಾಗ ಯಾವ ಜಯಂತಿ?” ಹನುಮನಹಳ್ಳಿಯ ಬೆಟ್ಟದ ಬುಡದಲ್ಲಿ ಕಾಯಿ-ಕರ್ಪೂರ ಮಾರುವವರಿಗೆ ಪರ ಊರಿನ ಭಕ್ತರು ಕೇಳುವ ಪ್ರಶ್ನೆ ಇದು. ಸ್ಥಳೀಯರಲ್ಲೂ ಎಷ್ಟೋ ಮಂದಿಗೆ ಈ ಗೊಂದಲ ಇದೆ. ವ್ಯಾಪಾರಸ್ಥರಿಗಂತೂ ಇದು ಬರೀ ಶಾಸ್ತ್ರದ ವಿಷಯ ಅಲ್ಲ. ಹೂವು, ಕಾಯಿ, ಎಳನೀರು ಯಾವ ದಿನಕ್ಕೆ ತರಿಸಬೇಕು ಅನ್ನೋದೂ ಇದರ ಮೇಲೆಯೇ ನಿಂತಿದೆ.

ಎರಡು ದಿನ, ಎರಡು ಕಾರಣ

ಮೊದಲನೆಯದು ಚೈತ್ರ ಶುದ್ಧ ಹುಣ್ಣಿಮೆ. ರಾಮನವಮಿ ಮುಗಿದು ಆರು ದಿನಕ್ಕೆ ಬರುತ್ತದೆ. ಅಂಜನಾದೇವಿಗೆ ಹನುಮ ಹುಟ್ಟಿದ ದಿನ ಎಂದು ಬಹಳ ಕಡೆ ಆಚರಿಸುವುದು ಇದನ್ನೇ.

ಎರಡನೆಯದು ಮಾರ್ಗಶಿರ ಶುದ್ಧ ತ್ರಯೋದಶಿ. ಪಂಚಾಂಗದಲ್ಲಿ ಇದರ ಹೆಸರು ‘ಹನುಮದ್ವ್ರತ’. ಕರ್ನಾಟಕದಲ್ಲಿ ಇದನ್ನೂ ಹನುಮ ಜಯಂತಿ ಎಂದೇ ಕರೆಯುವ ರೂಢಿ ಬಂದಿದೆ. ಗೊಂದಲ ಹುಟ್ಟುವುದು ಇಲ್ಲೇ. ಚೈತ್ರದ್ದು ಹುಟ್ಟುಹಬ್ಬ, ಮಾರ್ಗಶಿರದ್ದು ವ್ರತ. ಅಂಜನಾದ್ರಿಯಲ್ಲಿ ಮಾಲಾಧಾರಿಗಳ ದೊಡ್ಡ ಜನಸಾಗರ ಸೇರುವುದು ಈ ವ್ರತದ ಹೊತ್ತಿಗೆ.

ವ್ರತಕ್ಕೂ ಪಂಪೆಗೂ ನಂಟು

ಹನುಮದ್ವ್ರತದ ಪೂಜಾಕ್ರಮದಲ್ಲಿ ಒಂದು ವಿಶೇಷ ಉಂಟು. ಹನುಮನ ಪೂಜೆಗೆ ಮೊದಲು ಕಲಶದಲ್ಲಿ ಪಂಪೆಯನ್ನು ಆವಾಹಿಸಿ ಪೂಜಿಸುತ್ತಾರೆ. ಆಮೇಲೆ 13 ಗಂಟಿನ ದಾರಕ್ಕೆ ಪೂಜೆ ಮಾಡಿ ಕಟ್ಟಿಕೊಳ್ಳುತ್ತಾರೆ. ವ್ರತ ಹಿಡಿದವರು 13 ವರ್ಷ ನಡೆಸಿ ಉದ್ಯಾಪನೆ ಮಾಡುವ ಪದ್ಧತಿ.

ವ್ರತಕಥೆ ಪಾಂಡವರದು. ದ್ರೌಪದಿ ಈ ದಾರ ಕಟ್ಟಿಕೊಂಡಿದ್ದಳು. ನನ್ನ ರಥದ ಬಾವುಟದಲ್ಲಿ ಇರುವ ಕಪಿಯ ಹೆಸರಿನ ದಾರ ನಿನಗೇಕೆ ಎಂದು ಅರ್ಜುನ ಅದನ್ನು ಬಿಚ್ಚಿಸಿದ. ಆ ತಪ್ಪಿಗೇ 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ ಬಂತು ಎನ್ನುತ್ತದೆ ಕಥೆ. 13 ಗಂಟು, 13 ವರ್ಷ, ತ್ರಯೋದಶಿ ಎಲ್ಲ ಒಂದಕ್ಕೊಂದು ಹೊಂದಿಕೊಂಡಿವೆ.

ಬೇರೆ ಊರಿನವರು ಕಲಶದಲ್ಲಿ ನೆನೆಯುವ ಆ ಪಂಪೆ ಹನುಮನಹಳ್ಳಿಯವರಿಗೆ ನಿತ್ಯ ಓಡಾಡುವ ದಾರಿ. ಪಂಪಾಸರೋವರ, ಅದರ ದಂಡೆಯ ಲಕ್ಷ್ಮೀ ಗುಡಿ, ಶಬರಿ ಗುಹೆ ಎಲ್ಲ ಇದೇ ಸೀಮೆಯಲ್ಲಿವೆ. ಆನೆಗೊಂದಿ ಸುತ್ತಲ ನಾಡೇ ವಾಲಿ-ಸುಗ್ರೀವರ ಕಿಷ್ಕಿಂಧೆ ಎಂಬುದು ಜನರ ನಂಬಿಕೆ.

ಹನುಮ ಹುಟ್ಟಿದ ಜಾಗ ಯಾವುದು ಎಂಬ ವಾದವೂ ನಡೆದಿದೆ. 2021ರ ಏಪ್ರಿಲ್ 21ರ ರಾಮನವಮಿಯಂದು ತಿರುಮಲ ತಿರುಪತಿ ದೇವಸ್ಥಾನವು ತಿರುಮಲದ ಅಂಜನಾದ್ರಿಯೇ ಜನ್ಮಸ್ಥಳ ಎಂದು ಘೋಷಿಸಿತು. ಕಿಷ್ಕಿಂಧೆಯ ಪರವಾಗಿ ಇಲ್ಲಿಂದ ಆಕ್ಷೇಪ ಎದ್ದಿತು. ಗೋಕರ್ಣದ ಹೆಸರೂ ಕೇಳಿಬಂತು. ಆ ವಾದ ಏನೇ ಇರಲಿ, ಡಿಸೆಂಬರ್ ವ್ರತಕ್ಕೂ ಪಂಪೆಗೂ ಇರುವ ನಂಟು ಪೂಜಾಕ್ರಮದಲ್ಲೇ ಇದೆ.

ಮಾಲೆ ಹಾಕುವುದು, ಬಿಚ್ಚುವುದು

ಹನುಮಮಾಲೆ ಈಚಿನ ದಶಕಗಳಲ್ಲಿ ಬೆಳೆದ ಪದ್ಧತಿ. ಅಯ್ಯಪ್ಪ ಮಾಲೆಯ ರೀತಿಯಲ್ಲೇ ನಡೆಯುತ್ತದೆ. ಭಕ್ತರು ಕೇಸರಿ ಬಟ್ಟೆ ಉಟ್ಟು, ಊರಿನ ಗುಡಿಯಲ್ಲಿ ಮಾಲೆ ಹಾಕಿಸಿಕೊಳ್ಳುತ್ತಾರೆ. ಕೆಲವರು ತಿಂಗಳಿಗೂ ಹೆಚ್ಚು ಕಾಲ ವ್ರತ ಹಿಡಿದರೆ, ಕೆಲಸ-ಬೊಗಸೆ ಇದ್ದವರು ಕೆಲವೇ ದಿನ ಹಿಡಿಯುತ್ತಾರೆ. ಬೆಳಗಿನ ಸ್ನಾನ, ಸಸ್ಯಾಹಾರ, ಬ್ರಹ್ಮಚರ್ಯ, ನೆಲದ ಮೇಲೆ ಮಲಗುವುದು, ಸಂಜೆ ಭಜನೆ ಇದರ ನೇಮ.

ವ್ರತದ ದಿನ ಅಂಜನಾದ್ರಿ ಹತ್ತಿ ಸ್ವಾಮಿಯ ಎದುರು ಮಾಲೆ ತೆಗೆಯುವುದೇ ‘ಮಾಲೆ ವಿಸರ್ಜನೆ’. ಹಿಂದಿನ ರಾತ್ರಿಯೇ ಜನ ಬಂದು ಸೇರುತ್ತಾರೆ, ನಡುರಾತ್ರಿಯಿಂದಲೇ ಮೆಟ್ಟಿಲು ಹತ್ತಲು ಶುರು. ಹಾಗಾಗಿ ವ್ಯಾಪಾರವೂ ಟ್ರಾಫಿಕ್ಕೂ ಹಿಂದಿನ ದಿನ ಮಧ್ಯಾಹ್ನದಿಂದಲೇ ಏರುತ್ತದೆ. ವ್ರತದ ದಿನ ಬೆಳಗ್ಗೆ ಅಂಗಡಿ ಹಾಕಿದರಾಯ್ತು ಅಂದುಕೊಂಡವರಿಗೆ ಅರ್ಧ ವ್ಯಾಪಾರ ಕೈತಪ್ಪಿರುತ್ತದೆ.

ತಾರೀಖಿನ ಲೆಕ್ಕ

2022ರಲ್ಲಿ ಈ ದಿನ ಬಂದದ್ದು ಡಿಸೆಂಬರ್ 5ಕ್ಕೆ. 2023ರಲ್ಲಿ ಡಿಸೆಂಬರ್ 24ಕ್ಕೆ, 2024ರಲ್ಲಿ ಡಿಸೆಂಬರ್ 13ಕ್ಕೆ. ಹೀಗೆ ಹಿಂದೆ ಮುಂದೆ ಆಗುವುದಕ್ಕೆ ಕಾರಣ ಸರಳ. ಚಾಂದ್ರಮಾನದ 12 ತಿಂಗಳು ಸೇರಿದರೆ ಸುಮಾರು 354 ದಿನ. ಇಂಗ್ಲಿಷ್ ವರ್ಷಕ್ಕಿಂತ 11 ದಿನ ಕಮ್ಮಿ. ಅದಕ್ಕೇ ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ. 24ರಿಂದ 13ಕ್ಕೆ ಬಂದದ್ದು ಹಾಗೆ.

ಇದು ಹೀಗೇ ಹಿಂದೆ ಸರಿಯುತ್ತಾ ಹೋದರೆ ಮಾರ್ಗಶಿರ ಮಳೆಗಾಲಕ್ಕೆ ಬಂದು ನಿಲ್ಲುತ್ತಿತ್ತು. ಅದನ್ನು ತಡೆಯಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. 2023ರಲ್ಲಿ ಶ್ರಾವಣ ಅಧಿಕ ಬಂದಿದ್ದರಿಂದ ದಿನ 5ರಿಂದ 24ಕ್ಕೆ ಜಿಗಿಯಿತು. 2025ರಲ್ಲಿ ಡಿಸೆಂಬರ್ ಮೊದಲ ವಾರಕ್ಕೆ ಇಳಿದದ್ದು, 2026ರಲ್ಲಿ ಜ್ಯೇಷ್ಠ ಅಧಿಕವಾದ್ದರಿಂದ ಮತ್ತೆ ಡಿಸೆಂಬರ್ 20ರ ಆಚೆಗೆ ಹೋಗುತ್ತದೆ. ಹಿಂದಿನ ವರ್ಷದ ತಾರೀಖು ನೋಡಿ ಮಾಲಿಗೆ ಆರ್ಡರ್ ಕೊಡುವುದಕ್ಕಿಂತ ಪಂಚಾಂಗದಲ್ಲಿ ಮಾರ್ಗಶಿರ ಶುದ್ಧ ತ್ರಯೋದಶಿ ನೋಡಿಕೊಳ್ಳುವುದೇ ಲೇಸು. ತಿಥಿ ಎರಡು ದಿನಕ್ಕೆ ಹಂಚಿಕೊಂಡಿದ್ದರೆ ದೇವಸ್ಥಾನದ ಪ್ರಕಟಣೆಯೇ ಅಂತಿಮ.

ಬೆಟ್ಟ ಹತ್ತುವವರಿಗೆ

ಬೆಟ್ಟಕ್ಕೆ 575 ಮೆಟ್ಟಿಲು. ನಡುವೆ ಬಂಡೆಯ ಕೆಳಗೆ ತಲೆ ಬಗ್ಗಿಸಿಯೇ ದಾಟಬೇಕಾದ ಜಾಗಗಳಿವೆ. ಸಾಲು ಒತ್ತೊತ್ತಾಗುವುದು ಅಲ್ಲಿಯೇ. ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡವರು ವ್ರತದ ದಿನ ಬಿಟ್ಟು ಬೇರೆ ದಿನ ಬಂದರೆ ನಿರಾಳ. ಮೇಲೆ ಕಲ್ಲಿನಲ್ಲಿ ಮೂಡಿದ ಆಂಜನೇಯ, ಅಂಜನಾದೇವಿಯ ಗುಡಿ ಇವೆ. ಸುತ್ತ ನೋಡಿದರೆ ತುಂಗಭದ್ರೆ, ಭತ್ತದ ಗದ್ದೆ, ನದಿಯಾಚೆ ಹಂಪಿ ಕಾಣುತ್ತದೆ.

ಚೈತ್ರ ಹುಣ್ಣಿಮೆಗೆ ಬರುವವರು ಬಿಸಿಲೇರುವ ಮೊದಲೇ ಇಳಿದುಬಿಡಬೇಕು. ಕಾದ ಬಂಡೆಯ ಮೇಲೆ ಬರಿಗಾಲು ಇಡಲಾಗದು. ಡಿಸೆಂಬರ್‌ನಲ್ಲಿ ಬಿಸಿಲಿನ ಕಾಟ ಕಮ್ಮಿ, ಆದರೆ ಅದು ಭತ್ತದ ಕೊಯ್ಲಿನ ಹಂಗಾಮು. ಗಂಗಾವತಿ-ಆನೆಗೊಂದಿ ರಸ್ತೆಯಲ್ಲಿ ಟ್ರ್ಯಾಕ್ಟರು, ಕಟಾವು ಮಷಿನ್ನು, ನಡೆದು ಬರುವ ಮಾಲಾಧಾರಿಗಳು ಒಟ್ಟಿಗೇ ಇರುತ್ತಾರೆ. ಭತ್ತ ಸಾಗಿಸುವವರು ಆ ಎರಡು ದಿನ ತಪ್ಪಿಸಿಕೊಂಡರೆ ಎಲ್ಲರಿಗೂ ಒಳ್ಳೆಯದು.

ಕೊನೆಗೆ ಮಂಗಗಳ ಮಾತು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಅವು ಕಸಿಯದೆ ಬಿಡವು. ಕಸಿದ ಕವರು ಬಂಡೆ ಸಂದಿಗೆ ಬಿದ್ದರೆ ತೆಗೆಯುವವರಿಲ್ಲ. ಅಂಗಡಿಯವರು ಕಾಯಿ-ಹೂವನ್ನು ಬಟ್ಟೆ ಚೀಲದಲ್ಲಿ ಕೊಟ್ಟರೆ ಗಿರಾಕಿಯ ಪೂಜೆ ಸಾಮಾನೂ ಉಳಿಯುತ್ತದೆ, ಬೆಟ್ಟವೂ ಉಳಿಯುತ್ತದೆ. ವರ್ಷಪೂರ್ತಿ ಅನ್ನ ಕೊಡುವ ಬೆಟ್ಟಕ್ಕೆ ಇಷ್ಟು ಮಾಡುವುದು ದೊಡ್ಡ ಮಾತೇನಲ್ಲ.