ಮುಪ್ಪಿಗೆ ಊರುಗೋಲು ಯಾವುದು?

‘ಅರವತ್ತಕ್ಕೆ ಅರಳುಮರಳು’ ಎಂಬುದು ನಮ್ಮಲ್ಲಿ ಹಳೆಯ ಮಾತು. ವಯಸ್ಸಾದವರು ಹೇಳಿದ್ದಕ್ಕೆ ಕಿವಿಗೊಡಬೇಕಿಲ್ಲ ಎಂಬ ತಾತ್ಸಾರ ಅದರೊಳಗೆ ಅಡಗಿದೆ. ದ.ರಾ. ಬೇಂದ್ರೆಯವರು ತಮಗೆ ಅರವತ್ತು ತುಂಬಿದ ಮೇಲೆ ಇದೇ ಮಾತನ್ನು ತಮ್ಮ ಕವನ ಸಂಕಲನದ ಹೆಸರಾಗಿಸಿದರು. ‘ಅರಳು ಮರಳು’ ಸಂಕಲನಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮರಳಿ ಅರಳುವುದು ಎಂಬ ಅರ್ಥವನ್ನೂ ಆ ಮಾತಿನಿಂದ ಹೊರಡಿಸಬಹುದಲ್ಲ! ಮುಪ್ಪು ಮರುಳಾಗುವುದೋ ಮರಳಿ ಅರಳುವುದೋ ಎಂಬುದು ದೇಹದ ಕಸುವಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ.

ಈ ಪ್ರಶ್ನೆ ಈಗ ಕೆಲವೇ ಮನೆಗಳದ್ದಾಗಿ ಉಳಿದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 9.5ರಷ್ಟಿತ್ತು. ಇವರಿಗೆ ಊಟ, ಔಷಧಿ, ಆಸರೆ ಬೇಕು. ಅದರಲ್ಲಿ ಎರಡು ಮಾತಿಲ್ಲ. ತಂದೆತಾಯಿಯರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಕಾನೂನೇ ಬಂದಿದೆ. ಆದರೆ ಹೊಟ್ಟೆ ತುಂಬಿದ ಮೇಲೂ ‘ನಾನು ಯಾಕಾಗಿ ಬದುಕಿದ್ದೇನೆ?’ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಕಾನೂನು ಉತ್ತರ ಕೊಡಲಾರದು.

ಮನಶ್ಶಾಸ್ತ್ರಜ್ಞರು ಸುಖವನ್ನೂ ಬಾಳಿನ ಅರ್ಥವನ್ನೂ ಬೇರೆ ಬೇರೆ ಎಂದೇ ನೋಡುತ್ತಾರೆ. ನಾಜಿಗಳ ಸೆರೆಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕ್ಲ್, ಮನುಷ್ಯನ ಮೂಲ ಹಸಿವು ಅರ್ಥದ ಹಸಿವು ಎಂದು 1946ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮಾಡುವ ಕೆಲಸದಿಂದ, ಇನ್ನೊಬ್ಬರ ಮೇಲಿನ ಪ್ರೀತಿಯಿಂದ, ತಪ್ಪಿಸಲಾಗದ ಕಷ್ಟವನ್ನು ಎದುರಿಸುವ ರೀತಿಯಿಂದ ಆ ಅರ್ಥ ಸಿಗುತ್ತದೆ ಎಂಬುದು ಅವರ ಎಣಿಕೆ. ಎರಿಕ್ ಎರಿಕ್‌ಸನ್ ಎಂಬ ಇನ್ನೊಬ್ಬ ಪಂಡಿತರ ಪ್ರಕಾರ, ಮುಪ್ಪಿನಲ್ಲಿ ಮನುಷ್ಯ ತನ್ನ ಇಡೀ ಬಾಳನ್ನು ಹಿಂದಿರುಗಿ ನೋಡುತ್ತಾನೆ. ಅದನ್ನು ತನ್ನದೆಂದು ಒಪ್ಪಿಕೊಳ್ಳಲು ಆದರೆ ಸಮಾಧಾನ, ಆಗದಿದ್ದರೆ ಹತಾಶೆ.

ಜಪಾನಿನಲ್ಲಿ ನಲವತ್ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಏಳು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಬದುಕಲು ಒಂದು ಕಾರಣವಿದೆ ಎಂದವರಿಗಿಂತ ಇಲ್ಲವೆಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಅರ್ಥವೇ ಆಯುಷ್ಯ ಕೊಡುತ್ತದೆ ಎಂದು ಇದರಿಂದ ನೇರವಾಗಿ ಹೇಳುವಂತಿಲ್ಲ. ಕಾಯಿಲೆಯವರಿಗೆ ಬದುಕೇ ಬೇಸರವಾಗಿರಲೂಬಹುದು. 1976ರಲ್ಲಿ ಅಮೆರಿಕದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆದ ಪ್ರಯೋಗ ಸಣ್ಣದಾದರೂ ಇಲ್ಲಿ ನೆನೆಯಬೇಕಾದದ್ದು. ಒಂದು ಗುಂಪಿಗೆ ತಾವೇ ಆರಿಸಿಕೊಂಡ ಗಿಡವನ್ನು ಕೊಟ್ಟು, ‘ಇದರ ಹೊಣೆ ನಿಮ್ಮದು’ ಎನ್ನಲಾಯಿತು. ಇನ್ನೊಂದು ಗುಂಪಿಗೂ ಗಿಡ ಸಿಕ್ಕಿತು, ಆದರೆ ನೀರು ಹಾಕುವವರು ದಾದಿಯರು. ಮೂರು ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಗೆಲುವಾಗಿ ಕಂಡುಬಂದರು. ಗಿಡ ಎರಡೂ ಕಡೆ ಇತ್ತು. ವ್ಯತ್ಯಾಸವಿದ್ದದ್ದು ಹೊಣೆಯಲ್ಲಿ.

ಈ ಮಾತನ್ನು ಹಾವೇರಿ ಸೀಮೆಗೆ ತಂದು ನೋಡೋಣ. ಇಲ್ಲಿನ ಒಕ್ಕಲುತನದ ಮನೆಗಳಲ್ಲಿ ‘ನಿವೃತ್ತಿ’ ಎಂಬ ಶಬ್ದಕ್ಕೆ ಜಾಗವಿರಲಿಲ್ಲ. ಬೆನ್ನು ಬಾಗಿದ ಮೇಲೂ ಯಜಮಾನನಿಗೆ ಯಾವ ಮಳೆಗೆ ಕೂರಿಗೆ ಹೂಡಬೇಕೆಂದು ಹೇಳುವ ಅಧಿಕಾರವಿತ್ತು. ಬ್ಯಾಡಗಿಯ ಕಡ್ಡಿ, ಡಬ್ಬಿ ಮೆಣಸಿನಕಾಯಿಯಲ್ಲಿ ಬಣ್ಣ ಕಟ್ಟಿದ, ಸುಕ್ಕು ಚೆನ್ನಾಗಿ ಬಿದ್ದ ಹಣ್ಣನ್ನು ಬೀಜಕ್ಕೆಂದು ಎತ್ತಿಡುವುದು ಅನುಭವದ ಕೆಲಸ. ಆ ಅನುಭವವಿದ್ದದ್ದು ಹಿರಿಯರ ಕಣ್ಣಿನಲ್ಲಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ದೊರೆತ ಭೌಗೋಳಿಕ ಗುರುತಿನ ಹಿಂದೆ ಇಂಥ ಹೆಸರಿಲ್ಲದ ಕಣ್ಣುಗಳ ತಲೆಮಾರುಗಳಿವೆ.

ಕಾಲ ಬದಲಾಯಿತು. ರಾಣೆಬೆನ್ನೂರು ಹತ್ತಿ ಮತ್ತು ತರಕಾರಿಗಳ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾಯಿತು. ಸಂಜೆ ಹೂವಿನ ಗಂಡುಭಾಗ ತೆಗೆದು, ಮರುದಿನ ಬೆಳಿಗ್ಗೆ ಕೈಯಿಂದ ಪರಾಗ ಮುಟ್ಟಿಸುವ ಈ ಕಸುಬಿಗೆ ಚುರುಕು ಕಣ್ಣು, ನಡುಗದ ಬೆರಳು ಬೇಕು. ಇಳುವರಿ ಹೆಚ್ಚಿತು, ಸಾವಿರಾರು ಕೈಗಳಿಗೆ ಕೂಲಿ ಸಿಕ್ಕಿತು. ಆದರೆ ಹೈಬ್ರಿಡ್ ಬೆಳೆಯುವ ರೈತ ಪ್ರತಿ ವರ್ಷ ಬೀಜವನ್ನು ಅಂಗಡಿಯಿಂದಲೇ ತರಬೇಕು. ಬೀಜದ ಮಡಕೆ ಬರಿದಾದಾಗ ಅದನ್ನು ಕಾಯುತ್ತಿದ್ದ ಅಜ್ಜಿಯ ಹುದ್ದೆಯೂ ಹೋಯಿತು. ಮನೆಯಲ್ಲಿ ಆಕೆಗೆ ರೊಟ್ಟಿ ತಪ್ಪಲಿಲ್ಲ. ಆಕೆಯನ್ನು ಕೇಳುವುದು ಮಾತ್ರ ತಪ್ಪಿತು.

ಹಾಗೆಂದು ಮುಪ್ಪಿನಲ್ಲಿ ದುಡಿಮೆಯೇ ಬಾಳಿನ ಅರ್ಥ ಎಂದು ಸಾರಿಬಿಡುವುದು ಸರಿಯಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂರುವ ಹೆಂಗಸರನ್ನು ನೋಡಿದವರಿಗೆ ಇದು ಗೊತ್ತು. ಘಾಟಿಗೆ ಮೂಗು ಕಟ್ಟುತ್ತದೆ, ಕೈ ಉರಿಯುತ್ತದೆ, ಕೂಲಿ ತೂಕದ ಮೇಲೆ. ಎಪ್ಪತ್ತರ ಮುದುಕಿ ಅಲ್ಲಿ ಕೂತಿದ್ದರೆ ಅದು ಬಡತನದ ಒತ್ತಾಯವೇ ಇದ್ದೀತು. ಅವಳಿಗೆ ಮೊದಲು ಬೇಕಾದದ್ದು ಪಿಂಚಣಿ. ಬೇಡ ಎನ್ನುವ ಸ್ವಾತಂತ್ರ್ಯವಿದ್ದೂ ಮಾಡುವ ಕೆಲಸಕ್ಕೂ, ಮಾಡದಿದ್ದರೆ ಒಲೆ ಹೊತ್ತದು ಎಂಬ ಕೆಲಸಕ್ಕೂ ಬಹಳ ಅಂತರವಿದೆ. ಆದರೂ ಅವಳ ಜೊತೆ ಕೂತು ಸುಖದುಃಖ ಮಾತಾಡುವ ನಾಲ್ಕು ಜನ ಅಲ್ಲಿದ್ದಾರೆ. ಪಡಸಾಲೆಯ ಮೂಲೆಯಲ್ಲಿ ಒಬ್ಬರೇ ಕೂತ ಅನುಕೂಲಸ್ಥರಿಗೆ ಅದೂ ಇರುವುದಿಲ್ಲ.

ಈ ನೆಲದ ಪರಂಪರೆಯಲ್ಲಿ ಕೆಲಸಕ್ಕೂ ಅರ್ಥಕ್ಕೂ ಇರುವ ನಂಟು ಹೊಸದಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ದೋಣಿ ನಡೆಸಿದವನ ಹೆಸರಿನಲ್ಲೇ ಕಾಯಕ ಉಳಿಯಿತು. ಶರಣರು ಕಾಯಕಕ್ಕೆ ವಯಸ್ಸಿನ ಗಡಿ ಹಾಕಲಿಲ್ಲ. ದಾಸೋಹವನ್ನು ಅದಕ್ಕೆ ಜೋಡಿಸಿದರು. ಇನ್ನೊಬ್ಬರಿಗೆ ಸಲ್ಲುವ ಕೆಲಸವೇ ಕಾಯಕ ಎಂಬ ತಿಳಿವು ಅಲ್ಲಿದೆ.

ನಮ್ಮ ಕಾಲದಲ್ಲೂ ಉದಾಹರಣೆಗೆ ಬರವಿಲ್ಲ. ಹಾವೇರಿ ಸೀಮೆಯ ಕುರಬಗೊಂಡದಲ್ಲಿ 1921ರಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪನವರು 2003ರಲ್ಲಿ, ಎಂಬತ್ತು ದಾಟಿದ ಮೇಲೆ, ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತೊಂಬತ್ತು ಕಳೆದ ಮೇಲೂ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಅಧ್ಯಕ್ಷತೆ ಹೊತ್ತಿದ್ದರು. 2020ರಲ್ಲಿ ತೀರಿಕೊಳ್ಳುವಾಗ ಅವರಿಗೆ ತೊಂಬತ್ತೊಂಬತ್ತು. ಕನ್ನಡದ ಜಗಳವೆಂದರೆ ಅವರಿಗೆ ದಣಿವೇ ಇರಲಿಲ್ಲ. ಎಲ್ಲರೂ ಪಾಪು ಆಗಲಾರರು ನಿಜ, ಆಗಬೇಕಾಗಿಯೂ ಇಲ್ಲ. ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವ ಹೊಣೆಯೂ ಹೊಣೆಯೇ. ಗುಡಿಯ ಭಜನೆಗೆ ತಾಳ ಹಿಡಿಯುವುದು, ಬಾಣಂತಿಗೆ ಪಥ್ಯ ಹೇಳುವುದು, ಊರ ಜಗಳದಲ್ಲಿ ನಡುವೆ ಕೂತು ಎರಡು ಮಾತು ಆಡುವುದು, ಇವಕ್ಕೆಲ್ಲ ಅದೇ ಬೆಲೆ.

ಆದ್ದರಿಂದ ಮನೆಯ ಹಿರಿಯರಿಗೆ ‘ನೀವು ಸುಮ್ಮನೆ ಕೂಡ್ರಿ, ನಿಮಗ್ಯಾಕ ಬೇಕು’ ಎನ್ನುವ ಮೊದಲು ಒಂದು ಕ್ಷಣ ತಡೆಯುವುದು ಒಳ್ಳೆಯದು. ಕಕ್ಕುಲತೆಯಿಂದ ಹೇಳಿದರೂ ಆ ಮಾತು ಅವರ ಕೈಯ ಗಿಡವನ್ನು ಕಿತ್ತುಕೊಳ್ಳುತ್ತದೆ. ಹೊಲ ಪಾಲಾದರೂ, ಕೀಲಿಕೈ ಸೊಸೆಯ ಸೆರಗಿಗೆ ಸೇರಿದರೂ, ‘ಅಪ್ಪಾ, ಈ ಸಲ ಏನು ಬಿತ್ತೋಣ?’ ಎಂದು ಕೇಳಲು ಖರ್ಚೇನೂ ಇಲ್ಲ. ಕೇಳಿದ ಮೇಲೆ ಆ ಉತ್ತರವನ್ನು ಪೂರ್ತಿ ಆಲಿಸುವಷ್ಟು ಪುರುಸೊತ್ತನ್ನು ಮಾತ್ರ ನಾವು ಮಾಡಿಕೊಳ್ಳಬೇಕು.